ಒಂಬತ್ತನೇ ತಿಂಗಳು, ದಿನಕ್ಕೆ ಮೂರು ಮಾತ್ರೆ

ನನಗೆ ಜನನಾಂಗದ ಹರ್ಪಿಸ್, ಅಂದರೆ ಸಂಭೋಗದಿಂದ ಹರಡಿ ಆಗಾಗ ಗುಳ್ಳೆ ಎಬ್ಬಿಸುವ ವೈರಸ್ ಸೋಂಕು, ಇರುವುದು ಬಸುರಿಯಾಗುವ ಎಷ್ಟೋ ಮೊದಲೇ ಗೊತ್ತಿತ್ತು. ಗಂಡನಿಗೂ ಗೊತ್ತು. ಮೊದಲ ತಪಾಸಣೆಯಲ್ಲೇ ಡಾಕ್ಟರಿಗೆ ಹೇಳಿದೆ. ಮನೆಯವರೆಲ್ಲರ ಎದುರಿಗೆ ಹೇಳಬೇಕಾಗಿಲ್ಲ, ಡಾಕ್ಟರಿಗೆ ಗೊತ್ತಾದರೆ ಸಾಕು.

ಅವರು ಮೊದಲು ಕೇಳಿದ್ದು, "ಇದು ಮೊದಲು ಬಂದದ್ದು ಯಾವಾಗ?" ಅಂತ. ಹಳೆಯದು ಅಂದಾಗ ಅವರ ಮುಖ ಸಡಿಲವಾಯಿತು. ಹಳೆಯ ಸೋಂಕಾದರೆ ತಾಯಿಯ ಮೈಯಲ್ಲಿ ವೈರಸ್ ವಿರುದ್ಧ ಹೋರಾಡುವ ಪ್ರತಿಕಾಯಗಳು ತಯಾರಾಗಿರುತ್ತವೆ, ಮಗುವಿಗೂ ದಾಟುತ್ತವೆ. ಹೆರಿಗೆಯಲ್ಲಿ ಮಗುವಿಗೆ ತಗಲುವ ಸಂಭವ 100ಕ್ಕೆ 1ಕ್ಕಿಂತ ಕಡಿಮೆ. ಹೆರಿಗೆ ಹತ್ತಿರ ಬಂದಾಗ ಮೊದಲ ಸಲ ಸೋಂಕು ತಗಲಿದರೆ ಅದೇ 30ರಿಂದ 50ರವರೆಗೆ ಹೋಗುತ್ತದೆ. ಹಾಗಾಗಿ ನಿಮಗೆ ಇಲ್ಲದೆ ಗಂಡನಿಗಿದ್ದರೆ ಕೊನೆಯ ಮೂರು ತಿಂಗಳು ಸಂಭೋಗ ಬೇಡವೇ ಬೇಡ. ಬಾಯಿಂದಲೂ ಬೇಡ.

ಐದನೇ ತಿಂಗಳಲ್ಲಿ ಒಮ್ಮೆ ಗುಳ್ಳೆ ಎದ್ದಿತು. ಕೆಲವು ದಿನ ಅಸೈಕ್ಲೊವಿರ್ ಅನ್ನುವ ವೈರಸ್ ತಡೆಯುವ ಮಾತ್ರೆ ಕೊಟ್ಟರು, ಒಣಗಿತು. ಹೊಟ್ಟೆಯಲ್ಲಿ ಮಗು ಇರುವಾಗ ಇದೆಲ್ಲ ನುಂಗಬಹುದಾ ಅಂತ ನನಗೂ ಅಳುಕಿತ್ತು. 1984ರಿಂದ 1999ರವರೆಗೆ, ಈ ಮಾತ್ರೆ ತಗೊಂಡ ಸಾವಿರಕ್ಕೂ ಹೆಚ್ಚು ಬಸುರಿಯರ ಲೆಕ್ಕ ಇಟ್ಟಿದ್ದಾರಂತೆ. ಮಕ್ಕಳಲ್ಲಿ ಹುಟ್ಟುದೋಷ ಜಾಸ್ತಿ ಆಗಿರಲಿಲ್ಲ.

36 ವಾರ ತುಂಬುತ್ತಿದ್ದಂತೆ, ಗುಳ್ಳೆ ಮತ್ತೆ ಏಳದಂತೆ ತಡೆಯಲು ಅದೇ ಅಸೈಕ್ಲೊವಿರ್ ನಿತ್ಯ ಶುರು. 400 ಮಿಲಿಗ್ರಾಂ, ದಿನಕ್ಕೆ ಮೂರು ಸಲ, ಹೆರಿಗೆ ಆಗುವವರೆಗೆ. ಬಸುರಿಯಲ್ಲದಾಗ ಇದೇ ತಡೆಗೆ ಎರಡು ಸಲ ಸಾಕಾಗುತ್ತದೆ. ಬಸುರಿಯ ಕಿಡ್ನಿ ಔಷಧವನ್ನು ಬೇಗ ಹೊರಗೆ ಹಾಕುತ್ತದೆ, ಅದಕ್ಕೇ ಮೂರು. ಕೆಲವರಿಗೆ ವ್ಯಾಲಸೈಕ್ಲೊವಿರ್ 500 ಮಿಲಿಗ್ರಾಂ ಎರಡು ಸಲ ಬರೆಯುತ್ತಾರೆ. ಮೈಯೊಳಗೆ ಹೋದ ಮೇಲೆ ಅದೂ ಅಸೈಕ್ಲೊವಿರೇ ಆಗುತ್ತದೆ. ಅವಧಿಗೆ ಮುಂಚೆ ಹೆರಿಗೆ ಆಗಬಹುದು ಅನ್ನಿಸಿದರೆ ಡಾಕ್ಟರು ಇನ್ನೂ ಬೇಗ ಶುರು ಮಾಡಬಹುದು.

ಫೋನಿನಲ್ಲಿ ಅಲಾರಂ ಇಟ್ಟೆ: ಬೆಳಿಗ್ಗೆ ಆರು, ಮಧ್ಯಾಹ್ನ ಎರಡು, ರಾತ್ರಿ ಹತ್ತು. ಸ್ಟ್ರಿಪ್ಪಿನ ಹಿಂದೆ ಪೆನ್ನಿನಲ್ಲಿ ವಾರ ಬರೆದೆ, ಒಂದು ತಪ್ಪಿದರೂ ಕಣ್ಣಿಗೆ ಬೀಳುತ್ತಿತ್ತು. ಖಾಲಿ ಹೊಟ್ಟೆಗೆ ನುಂಗಿದರೆ ಸ್ವಲ್ಪ ವಾಕರಿಕೆ, ತಿಂದ ಮೇಲೆ ನುಂಗಿದರೆ ಸರಿ. ನೀರು ಧಾರಾಳವಾಗಿ ಕುಡಿದೆ. ರಾತ್ರಿ ಹೇಗೂ ಬಾತ್‌ರೂಮಿಗೆ ಓಡಾಡುವುದು ತಪ್ಪಿದ್ದಲ್ಲ!

ಈ ಮಾತ್ರೆಯಿಂದ ಹರ್ಪಿಸ್ ವಾಸಿಯಾಗುವುದಿಲ್ಲ. ವೈರಸ್ ಬೆನ್ನುಮೂಳೆಯ ಕೆಳಭಾಗದ ನರದ ಬೇರಿನಲ್ಲಿ ಸುಮ್ನೆ ಮಲಗಿರುತ್ತದೆ. ಹೆರಿಗೆಯ ದಿನ ಅದು ಎದ್ದು ಚರ್ಮಕ್ಕೆ ಬರದಿದ್ದರೆ ಸಾಕು, ಇದೊಂದೇ ಕಾರಣಕ್ಕೆ ಸಿಸೇರಿಯನ್ ಮಾಡಬೇಕಾಗುವುದಿಲ್ಲ. ಆದರೂ ಮಾತ್ರೆ ಪೂರ್ತಿ ಭರವಸೆ ಅಲ್ಲ. ಅದಕ್ಕೇ ಲೇಬರ್ ರೂಮಿನಲ್ಲಿ ಡಾಕ್ಟರು ಲೈಟ್ ಹಿಡಿದು ಎಲ್ಲಾ ಕಡೆ ನೋಡಿದರು. "ಉರಿ, ಜುಮುಜುಮು, ತುರಿಕೆ ಏನಾದರೂ ಇದೆಯಾ?" ಅಂತ ಮತ್ತೆ ಮತ್ತೆ ಕೇಳಿದರು. ಗುಳ್ಳೆ ಇಲ್ಲದಿದ್ದರೂ ಅಷ್ಟಿದ್ದರೆ ಸಿಸೇರಿಯನ್ನೇ. ನನಗೆ ಏನೂ ಇರಲಿಲ್ಲ, ನಾರ್ಮಲ್ ಆಯಿತು.

ಮಾತ್ರೆ ಅಲ್ಲಿಗೆ ನಿಂತಿತು. ಎದೆಯ ಮೇಲೆ ಗುಳ್ಳೆ ಇಲ್ಲದಿದ್ದರೆ ಹಾಲು ಕುಡಿಸಬಹುದು, ಕೈ ತೊಳೆದುಕೊಂಡು. ಮೊದಲ ಆರು ವಾರ ಮಗುವಿಗೆ ಜ್ವರ, ಮೈ ಮೇಲೆ ಗುಳ್ಳೆ, ಹಾಲು ಕುಡಿಯದೆ ಮಂಕಾಗುವುದು, ಫಿಟ್ಸ್ ಏನೇ ಕಂಡರೂ ನೇರ ಆಸ್ಪತ್ರೆಗೆ ಓಡಿ, ಜೊತೆಗೆ ಹರ್ಪಿಸ್ ಇರುವುದನ್ನೂ ಹೇಳಿ ಅಂದಿದ್ದರು.

ತುಟಿ ಮೇಲೆ ಹರ್ಪಿಸ್ ಗುಳ್ಳೆ ಎದ್ದವರೂ ಮಗುವಿಗೆ ಮುತ್ತು ಕೊಡಬಾರದು. ನೋಡಲು ಬಂದ ಸಂಬಂಧಿಕರೊಬ್ಬರಿಗೆ ಹಾಗೇ ಹೇಳಿದೆ. ಮುನಿಸಿಕೊಂಡರು. ಮುನಿಸಿಕೊಳ್ಳಲಿ ಬಿಡಿ.