ಎರಡಡಿ ಪಟ್ಟೀಲಿ ಏನು ಹಾಕಿದೆ, ಏನು ಕಿತ್ತೆ

ನಮ್ದು ಮೈಸೂರಲ್ಲಿ 30x40 ಸೈಟು. ಓಡಾಡೋ ಜಾಗ ಬಿಟ್ರೆ ಕಾಂಪೌಂಡ್ ಗೋಡೆ ಪಕ್ಕ ಗಿಡಕ್ಕೆ ಅಂತ ಉಳಿದಿದ್ದು 2 ಅಡಿ ಅಗಲ, 20 ಅಡಿ ಉದ್ದದ ಪಟ್ಟಿ ಅಷ್ಟೆ.

ಮೊದಲ ಸಲ ನರ್ಸರಿಲಿ ಹೂವು ನೋಡಿ ದಾಸವಾಳ, ಕಾಗದದ ಹೂವು ಎರಡೂ ತಂದು ನೆಟ್ಟೆ. ಒಂದೂವರೆ ವರ್ಷಕ್ಕೆ ದಾರಿ ತುಂಬ ಹರಡ್ಕೊಂಡ್ವು, ಕಾಗದದ ಹೂವಿನ ಮುಳ್ಳಿಗೆ ಸಿಕ್ಕಿ ಅತ್ತೆ ಸೆರಗು ಹರೀತು, ಸಿಲಿಂಡರ್ ತರೋರಿಗೂ ಕಷ್ಟ. ದಾಸವಾಳ ಮೊಗ್ಗು ಬಿಡೋದೇ ಹೊಸ ಚಿಗುರಲ್ಲಿ, ದಾರಿಗೆ ಬಂತು ಅಂತ ನಾನು ಕತ್ತರಿಸ್ತಾ ಇದ್ದಿದ್ದೂ ಅದೇ ಚಿಗುರು, ಹೂವು ಎಲ್ಲಿಂದ ಬರುತ್ತೆ ಹೇಳಿ. ಎರಡನ್ನೂ ತೆಗೆಸಿದೆ. ಗಿಡ ತರೋಕೆ ಮುಂಚೆ ಹೂವಲ್ಲ, ಅದು ಬೆಳೆದ ಮೇಲೆ ಎಷ್ಟು ಅಗಲ ಆಗುತ್ತೆ ಅಂತ ಕೇಳ್ಬೇಕು, ನಾನು ಅದನ್ನ ಕೇಳೇ ಇರ್ಲಿಲ್ಲ.

ಅಗೆದಾಗ ಗೋಡೆ ಬುಡದಲ್ಲಿ ಬರೀ ಗಾರೆ, ಇಟ್ಟಿಗೆ ಚೂರು. ಒಂದೂವರೆ ಅಡಿ ಆಳದ ತನಕ ಎಲ್ಲಾ ಎತ್ತಿಹಾಕಿ ಕೆಂಪು ಮಣ್ಣು, ಹಳೇ ಕೊಟ್ಟಿಗೆ ಗೊಬ್ಬರ ತುಂಬಿಸಿದೆ. ಆಮೇಲೆ ಒಂದು ಭಾನುವಾರ ಬೆಳಗ್ಗೆಯಿಂದ ಸಂಜೆವರೆಗೂ ಬಿಸಿಲು ಎಲ್ಲೆಲ್ಲಿ ಎಷ್ಟು ಹೊತ್ತು ಬೀಳುತ್ತೆ ಅಂತ ನೋಡಿದೆ, ಗೇಟ್ ಕಡೆ 5-6 ಗಂಟೆ, ಹಿಂದೆ ಬಟ್ಟೆ ಒಗೆಯೋ ಕಲ್ಲಿನ ಹತ್ರ 2 ಗಂಟೆನೂ ಇಲ್ಲ.

ಬಿಸಿಲಿರೋ ಕಡೆ ಶಂಖಪುಷ್ಪ. ಬೀಜ ರಾತ್ರಿ ನೆನೆಹಾಕಿ ಜೂನಲ್ಲಿ ಹಾಕಿದೆ, ಎರಡು ತಿಂಗಳಿಗೆಲ್ಲ ನೀಲಿ ಹೂವು. ಗೋಡೆಗೆ ಹುಕ್ ಹೊಡೆಸಿ ಜಿಐ ವೈರ್ ಎಳೆಸಿದೀನಿ, ಗೋಡೆಗೂ ವೈರಿಗೂ 3 ಇಂಚು ಸಂದು ಬಿಟ್ಟಿದ್ರಿಂದ ಗಾಳಿ ಆಡುತ್ತೆ, ಪೇಂಟೂ ಹಾಳಾಗಲ್ಲ. ರಂಗೂನ್ ಬಳ್ಳಿ ಮೇಲೆ ನಂಗೆ ತುಂಬಾ ಆಸೆ ಇತ್ತು, ಸಂಜೆ ಬೆಳ್ಳಗೆ ಅರಳಿ ಆಮೇಲೆ ಗುಲಾಬಿ, ಕೆಂಪು ಆಗೋದು ನೋಡೋಕೇ ಚೆಂದ, ಆದ್ರೆ ಕಾಂಡ ದಪ್ಪ ಆಗಿ ಭಾರ ಬೀಳುತ್ತೆ, ಈ ವೈರ್ ತಡೆಯಲ್ಲ, ಮನಸ್ಸು ಗಟ್ಟಿ ಮಾಡಿ ಬಿಟ್ಟೆ. ನೆರಳಿನ ಕೊನೆಗೆ ವೀಳ್ಯದೆಲೆ, ಮೈಸೂರಲ್ಲಿದ್ದು ಚಿಗುರೆಲೆ ಬಳ್ಳಿ ಇಲ್ದೆ ಇದ್ರೆ ಹೇಗೆ! ಒಗೆಯೋ ಕಲ್ಲಿನ ಹತ್ರ ತಂಪಿರುತ್ತೆ, ಗೆಣ್ಣುಗೆಣ್ಣಿಗೂ ಬೇರು ಬಿಟ್ಟು ಅದೇ ಗೋಡೆ ಹಿಡ್ಕೊಂಡು ಹತ್ತುತ್ತೆ. ಸೋಪಿನ ನೀರು ಮಾತ್ರ ಬುಡಕ್ಕೆ ಹೋಗದ ಹಾಗೆ ಸಣ್ಣ ಕಟ್ಟೆ ಕಟ್ಟಿಸಿದೀನಿ.

ಕೆಳಗೆ ಒಂದೆರಡು ಗಿಡ್ಡ ನಂದಿಬಟ್ಟಲು, ಉಳಿದಿದ್ದೆಲ್ಲ ಕನಕಾಂಬರ. ಹೆಚ್ಚಂದ್ರೆ ಮೂರಡಿ, ಅರೆನೆರಳಲ್ಲೂ ಹೂವು ಬಿಡುತ್ತೆ, ಒಂದೊಂದಡಿ ಬಿಟ್ಟು ನೆಟ್ಟಿದ್ದೆ. ಕಳೆದ ವರ್ಷ ಮೊದಲ ಮಳೆ ದಿನ ಹೊರಗೆ ನಿಂತಿದ್ದಾಗ ಚಟ್ ಚಟ್ ಅಂತ ಸದ್ದು, ಏನು ಅಂತ ಬಗ್ಗಿ ನೋಡಿದ್ರೆ ಒಣಗಿದ ತೆನೆಗೆ ಹನಿ ಬಿದ್ದು ಕಾಯಿ ಸಿಡೀತಾ ಇದೆ, ಬೀಜ ಕಾಲಿಗೇ ಬಂದು ಬೀಳ್ತಿತ್ತು. ಒಣಗಿದ ತೆನೆ ಅಂತ ಅವತ್ತಿಂದ ಎಲ್ಲಾ ಕಿತ್ತು ಬಿಸಾಡಲ್ಲ. ಹಾಗೆ ಹುಟ್ಟಿದ ಹನ್ನೊಂದು ಸಸಿನ ಮಣ್ಣು ಸಮೇತ ಎತ್ತಿ ಪಕ್ಕದ ಮನೆಯವರಿಗೆ ಕೊಟ್ಟೆ, ಅವರ ಪಟ್ಟಿ ನಮ್ದಕ್ಕಿಂತ ಅರ್ಧ ಅಡಿ ಕಮ್ಮಿ.