ಮೀಟಿಂಗಲ್ಲಿ ಬಾಯಿ ಬಿಡದ ಹುಡುಗರಿಂದ ಹೊಸ ಐಡಿಯಾ ಬರಬೇಕಾದರೆ

ತುಮಕೂರಲ್ಲಿ ನಮ್ಮದು ಎಂಟು ಜನರ ಸಾಫ್ಟ್‌ವೇರ್ ಟೀಮ್. ಒಮ್ಮೆ ತೆಂಗು ಬೆಳೆಗಾರರಿಗೆ ಆ್ಯಪ್ ಮಾಡಿದೆವು. ಕಾಯಿ ಕಿತ್ತ ಮೂರು ತಿಂಗಳಲ್ಲಿ ಮಾರಾಟ ತೋರಿಸದಿದ್ದರೆ ಲೆಕ್ಕ ತಾನೇ ಕ್ಲೋಸ್ ಆಗುತ್ತಿತ್ತು. ಉಂಡೆ ಕೊಬ್ಬರಿ ಆಗಬೇಕಾದರೆ ಕಾಯಿ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕೂತಿರಬೇಕು ಅಂತ ಟೀಮಿನ ತಿಪಟೂರು ಹುಡುಗನಿಗೆ ಮೊದಲ ದಿನವೇ ಗೊತ್ತಿತ್ತು. ಯಾಕಪ್ಪಾ ಹೇಳಲಿಲ್ಲ ಅಂದರೆ, ‘ನೀವೇ ಡಿಸೈನ್ ಮಾಡಿದ್ರಲ್ಲ ಸರ್’ ಅಂದ.

ಆವತ್ತಿಂದ ನಾನು ಮೀಟಿಂಗಲ್ಲಿ ಕೊನೆಗೆ ಮಾತಾಡುತ್ತೇನೆ. ನೀವೂ ಹಾಗೇ ಮಾಡಿ, ಹೊಸಬರಿಂದ ಶುರು ಮಾಡಿಸಿ. ‘ಡೌಟ್ ಇದೆಯಾ’ ಅಂತ ಕೇಳಿದರೆ ಎಲ್ಲರೂ ‘ಇಲ್ಲ ಸರ್’ ಅಂತಾರೆ, ಅದರ ಬದಲು ‘ಇದು ಕೈ ಕೊಟ್ಟರೆ ಎಲ್ಲಿ ಕೈ ಕೊಡುತ್ತೆ’ ಅಂತ ಕೇಳಿ ಸ್ವಲ್ಪ ಹೊತ್ತು ಸುಮ್ನೆ ಇರಿ. ಕನ್ನಡದಲ್ಲೇ ಕೇಳಿ. ಇಂಗ್ಲಿಷಲ್ಲಿ ವಾಕ್ಯ ಜೋಡಿಸುವಷ್ಟರಲ್ಲಿ ಹುಡುಗರ ಧೈರ್ಯವೇ ಇಳಿದುಹೋಗಿರುತ್ತೆ, ನಾನೂ ಹಾಗೇ ಇದ್ದವನು.

ಇನ್ನು ತಪ್ಪಿನ ವಿಷಯ. ಹಾರ್ವರ್ಡಿನ ಪ್ರೊಫೆಸರ್ ಏಮಿ ಎಡ್ಮಂಡ್‌ಸನ್ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ನೋಡಲು ಹೋದರೆ, ಒಳ್ಳೆ ಟೀಮುಗಳಲ್ಲೇ ತಪ್ಪು ಜಾಸ್ತಿ ಕಂಡವು. ಅಲ್ಲಿನವರು ಮುಚ್ಚಿಡದೆ ಹೇಳುತ್ತಿದ್ದರು, ಅಷ್ಟೇ. ಟೀಮಿನಲ್ಲಿರುವ ಈ ನಿರ್ಭಯವನ್ನೇ ಅವರು 1999ರ ಲೇಖನದಲ್ಲಿ ಸೈಕಲಾಜಿಕಲ್ ಸೇಫ್ಟಿ ಅಂದರು. ಹಾಗಾಗಿ ‘ಸರ್, ನನ್ನಿಂದ ಸರ್ವರ್ ಬಿತ್ತು’ ಅಂತ ಯಾರಾದರೂ ಬಂದಾಗ ನಿಮ್ಮ ಬಾಯಿಂದ ಬರುವ ಮೊದಲ ಮಾತನ್ನು ಇಡೀ ಆಫೀಸು ಕೇಳಿಸಿಕೊಳ್ಳುತ್ತೆ ಅಂತ ನೆನಪಿರಲಿ. ಮೊದಲು ರಿಪೇರಿ ಮಾಡಿ. ಆಮೇಲೆ ಏನಾಯ್ತು, ಯಾವ ಚೆಕ್ ಇರಲಿಲ್ಲ ಅಂತ ಹೆಸರು ಹಾಕದೆ ಬರೆದಿಡಿ. ಆದರೆ ಇನ್ಕ್ರಿಮೆಂಟ್ ಹೊತ್ತಿಗೆ ಅದೇ ತಪ್ಪನ್ನು ಎತ್ತಿ ಆಡಿದಿರೋ, ಮುಗೀತು, ಮತ್ತೆ ಯಾರೂ ಬಾಯಿ ಬಿಡಲ್ಲ.

ಬರೀ ಮಾತಲ್ಲಿ ಭಯ ಹೋಗಲ್ಲ. ಏನು ಕೆಟ್ಟರೂ ರೈತರಿಗೆ ತಟ್ಟದ ಹಾಗೆ ಪ್ರಯೋಗಕ್ಕೇ ಅಂತ ಒಂದು ಟೆಸ್ಟ್ ಸರ್ವರ್ ಕೊಡಿ, ಒಂದೇ ಕಮಾಂಡಿಗೆ ಹಳೇ ವರ್ಷನ್ ವಾಪಸ್ ಬರುವ ಹಾಗಿರಲಿ, ಹೊಸದನ್ನು ಮೊದಲು ಹತ್ತು ಜನ ರೈತರಿಗೆ ಮಾತ್ರ ಬಿಡಿ. ಆದರೆ ಕೋಡ್ ರಿವ್ಯೂ, ಅಂದರೆ ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ನೋಡುವುದು, ಅದನ್ನು ಮಾತ್ರ ಸಡಿಲ ಮಾಡಬೇಡಿ. ಐಡಿಯಾ ಬೇಡ ಅನ್ನುವುದಾದರೆ ಯಾಕೆ ಬೇಡ ಅಂತ ಹೇಳಿ. ಟೀ ಶರ್ಟು, ಪಾರ್ಟಿ ಎಲ್ಲ ಆಮೇಲೆ ನೋಡಿಕೊಳ್ಳಿ.

ಈಗ ನಮ್ಮ ಆ್ಯಪಲ್ಲಿ ‘ಅಟ್ಟಕ್ಕೆ ಹಾಕಿದೆ’ ಅಂತ ಒಂದು ಬಟನ್ ಇದೆ. ಅದು ಆ ಹುಡುಗನದೇ ಐಡಿಯಾ, ರೈತರಿಗೆ ತೋರಿಸಲು ಹೋದವನೂ ಅವನೇ.