ಲಗ್ನಕ್ಕೂ ಪುರಾಣಕ್ಕೂ ಒಂದೇ ಕೀಬೋರ್ಡ್

ಕಲಬುರಗಿ ಸುತ್ತಲಿನ ಊರುಗಳಲ್ಲಿ ಕೀಬೋರ್ಡ್ ನುಡಿಸಿಯೇ ನನ್ನ ಮನೆ ನಡೆಯುತ್ತದೆ. ತುಳಸಿ ಲಗ್ನ ಆದ ಮೇಲೆ ಮದುವೆ, ಜಾತ್ರೆಗಳ ಕೆಲಸ ಶುರು. ಆಷಾಢ ಖಾಲಿ. ಶ್ರಾವಣದಲ್ಲಿ ಮಠಗಳಲ್ಲಿ ಪುರಾಣ, ಅಂದರೆ ಹಾಡು ಸೇರಿದ ಪ್ರವಚನ, ಹಚ್ಚುತ್ತಾರೆ, ತಿಂಗಳಿಡೀ ಸಂಜೆ ಕೆಲಸ ಇರುತ್ತದೆ. ಒಂದು ದಿನದ ಲೆಕ್ಕಕ್ಕೆ ಲಗ್ನದಲ್ಲೇ ದುಡ್ಡು ಜಾಸ್ತಿ. ಆದರೆ ನನಗೆ ಹೆಸರು ಕೊಟ್ಟಿದ್ದು ಪುರಾಣ. ಒಂದು ಮಠದಲ್ಲಿ ಚೆನ್ನಾಗಿ ನುಡಿಸಿದರೆ ಪಕ್ಕದೂರಿನವರು ತಾವೇ ಫೋನ್ ಮಾಡುತ್ತಾರೆ.

ಅರೇಂಜರ್ ಕೀಬೋರ್ಡಿನಲ್ಲಿ ಎಡಗೈಯಿಂದ ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗಳ ಗುಂಪು) ಹಿಡಿದರೆ ತಾಳ, ಬೇಸ್, ಗಿಟಾರ್ ಎಲ್ಲ ಅದೇ ನುಡಿಸುತ್ತದೆ, ಇದಕ್ಕೆ ಸ್ಟೈಲ್ ಅಂತಾರೆ. ಲಗ್ನಕ್ಕೆ ಇದು ಸರಿ. ಕನ್ನಡ, ಹಿಂದಿ, ಸೇಡಂ ಕಡೆ ಹೋದರೆ ತೆಲುಗು, ಯಾವುದನ್ನು ಕೇಳುತ್ತಾರೋ ಗೊತ್ತಿಲ್ಲ. ಹಾಗಾಗಿ ಒಂದೊಂದು ಹಾಡಿನ ಸ್ಟೈಲ್, ಟೋನ್, ಟೆಂಪೊ ಮೊದಲೇ ರಿಜಿಸ್ಟ್ರೇಷನ್ ಮೆಮೊರಿಯಲ್ಲಿ ಇಟ್ಟಿರುತ್ತೇನೆ. ಕರೆಂಟ್ ನಂಬುವ ಹಾಗಿಲ್ಲ, ಜೊತೆಗೆ ಸಣ್ಣದೊಂದು ಯುಪಿಎಸ್.

ಪುರಾಣದಲ್ಲಿ ತತ್ವಪದಕ್ಕೆ ಕೂತರೆ ಲೆಕ್ಕವೇ ಬೇರೆ. ಕಡಕೋಳ ಮಡಿವಾಳಪ್ಪನವರ ಪದ ಎತ್ತಿಕೊಂಡ ಗವಾಯಿಗಳು ಒಂದು ಸಾಲನ್ನೇ ಮತ್ತೆ ಮತ್ತೆ ಹಾಡುತ್ತಾರೆ, ನಡುವೆ ಆಲಾಪಕ್ಕೆ ನಿಲ್ಲುತ್ತಾರೆ. ಮಷೀನು ಅವರಿಗಾಗಿ ಕಾಯುವುದಿಲ್ಲ, ಕಾಯಬೇಕಾದವನು ನಾನು. ಅವರ ಮುಖ ನೋಡುತ್ತಲೇ ಇರುತ್ತೇನೆ. ಆಲಾಪ ಶುರುವಾಗುತ್ತಿದ್ದ ಹಾಗೆ ಸ್ಟೈಲ್ ಬಂದ್, ಬಲಗೈಯಲ್ಲಿ ಪೇಟಿಯ (ಹಾರ್ಮೋನಿಯಂ) ಟೋನ್ ಅಷ್ಟೇ. ಸಿಂಕ್ ಸ್ಟಾರ್ಟ್ ಒತ್ತಿ ಎಡಗೈ ಎತ್ತಿಕೊಂಡಿರುತ್ತೇನೆ. ಅವರು ಪಲ್ಲವಿಗೆ ತಿರುಗಿ ತಾಳದ ಮೊದಲ ಮಾತ್ರೆಗೆ, ಅಂದರೆ ಸಮ್‌ಗೆ ಬಂದಾಗ ಕೈ ಇಟ್ಟರೆ ತಾಳ ಅಲ್ಲಿಂದಲೇ ಏಳುತ್ತದೆ. ಗವಾಯಿಗಳು ಆಗ ಒಮ್ಮೆ ತಿರುಗಿ ನೋಡುತ್ತಾರಲ್ಲ, ಅದಕ್ಕಿಂತ ದೊಡ್ಡ ಶಾಲು ನನಗೆ ಬೇಡ.

ಶ್ರುತಿ ಕೇಳಿದರೆ ‘ಕಪ್ಪು ಒಂದು’ ಅಂತಾರೆ, ಅಂದರೆ ಸಿ ಶಾರ್ಪ್. ಟ್ರಾನ್ಸ್‌ಪೋಸ್ ಒಂದು ಏರಿಸಿದರೆ ಆಯಿತು. ಕಾರ್ಡ್ ಹಿಡಿಯುವುದರಲ್ಲಿ ಮಾತ್ರ ಎಚ್ಚರ ಬೇಕು. ಭೀಮಪಲಾಸ್, ಭೈರವಿ ಎರಡೂ ರಾಗಗಳಲ್ಲಿ ಗಾಂಧಾರ ಕೋಮಲ, ಅಂದರೆ ‘ಗ’ ಸ್ವರ ಅರ್ಧ ಮನೆ ಕೆಳಗೆ. ಅಲ್ಲಿ ಸಾ ಮೇಲೆ ಮೇಜರ್ ಕಾರ್ಡ್ ಹಾಕಿದರೆ ಶುದ್ಧ ಗಾಂಧಾರ ಬಂದು ಹಾಡಿಗೆ ಬಡಿಯುತ್ತದೆ. ನಾನು ಸಾ, ಪ ಎರಡೇ ಹಿಡಿಯುತ್ತೇನೆ. ನನ್ನ ಯಮಹಾದಲ್ಲಿ ಫಿಂಗರ್ಡ್ ಮೋಡ್ ಇಟ್ಟರೆ ಇದನ್ನೂ ಕಾರ್ಡ್ ಅಂತಲೇ ತಗೊಳ್ಳುತ್ತದೆ, ಗಾಂಧಾರ ಸೇರಿಸುವುದಿಲ್ಲ.

‘ಕೀಬೋರ್ಡಿನಲ್ಲೇ ತಬಲಾ ಐತಲ್ಲ, ಇನ್ನೊಬ್ಬರು ಯಾಕ್ರಿ?’ ಅಂತ ಕಮಿಟಿಯವರು ಕೇಳುತ್ತಾರೆ. ಪುರಾಣಕ್ಕಾದರೆ ನಾನು ಒಪ್ಪುವುದಿಲ್ಲ. ಕೆಹರವಾದ ಎಂಟು ಮಾತ್ರೆ, ದಾದರಾದ ಆರು ಮಾತ್ರೆ ಮಷೀನು ಹಾಕೀತು. ಗವಾಯಿಗಳು ರೂಪಕದ ಏಳು ಮಾತ್ರೆಗೆ ಹೊರಳಿದರೆ, ನಡುವೆ ಲಯ ಏರಿಸಿದರೆ, ಅದನ್ನು ಹಿಡಿಯುವುದು ತಬಲಾದವರ ಕೈ. ಅವರು ಕೂತಾಗ ಸ್ಟೈಲಿನ ರಿದಮ್ ಪಾರ್ಟ್ ಆಫ್ ಮಾಡಿ ಬೇಸ್, ಪ್ಯಾಡ್ (ಹಿನ್ನೆಲೆಯ ಎಳೆದ ದನಿ) ಮಾತ್ರ ಇಡುತ್ತೇನೆ. ಸಂಚಕಾರ (ಮುಂಗಡ) ತಗೊಳ್ಳುವಾಗಲೇ ಅವರ ದುಡ್ಡನ್ನೂ ಸೇರಿಸಿ ಮಾತಾಡಿರುತ್ತೇನೆ.